ನುಡಿಸುವವಳಿಗೆ ಎರಡು ಪದ

ವೃಷಭೇಂದ್ರಪ್ಪನವರು ಚಾಮರಾಜನಗರದ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟವರು. ಗಿಡಮರಗಳ ಲ್ಯಾಟಿನ್ ಹೆಸರುಗಳಿಂದ ಹತ್ತಿದ ಹುಚ್ಚು, ನಿವೃತ್ತಿಯಾದ ಮೇಲೆ ಲ್ಯಾಟಿನ್-ಕನ್ನಡ ಪದಕೋಶ ಬರೆಯುವಷ್ಟು ಬೆಳೆದಿತ್ತು. ಬರೆಯಿರಿ ಎಂದವರಿಲ್ಲ, ಓದುವವರೂ ಇಲ್ಲ. ಆದರೂ ಮನುಷ್ಯ ಭಾರೀ ಕಟ್ಟುನಿಟ್ಟು. ಒಂದೊಂದು ಅರ್ಥದ ಮುಂದೆಯೂ ಅದು ಎಲ್ಲಿಂದ ತಿಳಿಯಿತೆಂದು ‘ಆಧಾರ’ ಬರೆಯಲೇಬೇಕು.

ಎರಡು ಸಾವಿರದ ಆರನೇ ಇಸವಿಯ ಮಾಘದಲ್ಲಿ ಪದಕೋಶ ‘ಕಿಥರ’ಕ್ಕೆ ಬಂದು ನಿಂತಿತು. ಅದೊಂದು ಹಳೆಯ ಕಾಲದ ತಂತಿವಾದ್ಯ. ಬರೀ ನುಡಿಸುವ ಗಂಡಸು ಕಿಥರಿಸ್ತ, ಹಾಡುತ್ತ ನುಡಿಸಿದರೆ ಕಿಥರೇದುಸ್. ಹೆಂಗಸಿಗೂ ಹಾಗೇ ಎರಡು: ಬರೀ ನುಡಿಸುವವಳು ಕಿಥರಿಸ್ತ್ರಿಯ, ಹಾಡುತ್ತ ನುಡಿಸುವವಳು ಕಿಥರೇದ. ಅಲ್ಲಿಗೆ ಪೆನ್ನು ಮುಂದೆ ಹೋಗಲಿಲ್ಲ. ಅವರ ಮನೆಯಲ್ಲೂ ಒಬ್ಬಳು ವೀಣೆ ನುಡಿಸುವವಳಿದ್ದಳು, ಹೆಂಡತಿ ಸುಧಾಮಣಿ. ಅವಳು ತೀರಿಕೊಂಡು ಒಂದು ವರ್ಷವಾಗಿತ್ತು.

ಮದುವೆಯಾದ ಹೊಸತರಲ್ಲಿ, “ಸ್ವಲ್ಪ ನಿಲ್ಲಿಸ್ತೀಯಾ, ಪೇಪರ್ ತಿದ್ದಬೇಕು” ಎಂದು ಒಂದೇ ಒಂದು ಸಲ ಅಂದಿದ್ದರು. ಅವಳು ವೀಣೆಗೆ ಬಟ್ಟೆ ಸುತ್ತಿ ಮಂಚದ ಕೆಳಗೆ ಸರಿಸಿದಳು. ಆಮೇಲೆ ಇವರು ನುಡಿಸು ಎನ್ನಲಿಲ್ಲ, ಅವಳು ನುಡಿಸಲೇ ಎಂದು ಕೇಳಲಿಲ್ಲ. ಆಸಕ್ತಿ ಹೋಗಿರಬೇಕು ಎಂದುಕೊಂಡು ಇವರು ಹಾಯಾಗಿದ್ದುಬಿಟ್ಟರು. ಓದಿದವರಿಗೆ ಹೀಗೆ ಅಂದುಕೊಳ್ಳುವುದು ಬಹಳ ಸಲೀಸು.

ಈಗ ಆ ನಾದ ಒಮ್ಮೆ ಕಿವಿಗೆ ಬೀಳಲಿ ಎಂದು ಜೀವ ಹಾತೊರೆಯಿತು. ತಾವೇ ಕೇಳಿ ಪಡೆದಿದ್ದ ನಿಶ್ಶಬ್ದ ಈಗ ತಿನ್ನಲು ಬರುತ್ತಿತ್ತು. ವೀಣೆಯನ್ನು ಹೊರಗೆಳೆದರು. ಬಟ್ಟೆಯ ಮೇಲೆ ಮೂವತ್ತು ವರ್ಷದ ಧೂಳೇನೂ ಇರಲಿಲ್ಲ. ಸುಧಾಮಣಿಯ ಅಚ್ಚುಕಟ್ಟು ಎಂದುಕೊಂಡರು. ಎರಡು ತಂತಿ ಕಡಿದಿದ್ದವು, ತಂತಿಯಡಿಯ ಮೆಟ್ಟಿಲುಗಳನ್ನು ಕೂರಿಸಿದ ಮೇಣ ಬಿರುಕುಬಿಟ್ಟಿತ್ತು. ವಿಚಾರಿಸಿದರೆ, ಇದನ್ನೆಲ್ಲ ಸರಿಮಾಡುವವನು ಗುಂಡ್ಲುಪೇಟೆಯ ಅಪ್ಸರ್ ಪಾಷಾ ಒಬ್ಬನೇ ಎಂದರು.

“ಏನ್ ಸಾ, ಕುಂಬ್ಳಕಾಯಾ? ಮೇಲಕ್ ಆಕ್ಬುಡಿ” ಎಂದ ಬಸ್ಸಿನ ಕಂಡಕ್ಟರ್. ಇವರು ಕೊಡಲಿಲ್ಲ. ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಬರುವವರೆಗೂ ವೀಣೆ ಮಡಿಲಲ್ಲೇ ಇತ್ತು.

ಈರುಳ್ಳಿ ಲಾರಿಗಳು ನಿಲ್ಲುವ ರಸ್ತೆಯಲ್ಲಿ ಪಾಷಾನ ಅಂಗಡಿ, ಹಿಂದೆಯೇ ಮನೆ. ಅವನು ವೀಣೆಗೆ ಸುತ್ತಿದ ಬಟ್ಟೆ ಬಿಚ್ಚಿ, ಮೇಣದ ತುದಿಯಲ್ಲಿ ಉಗುರಿನಿಂದ ಒತ್ತಿದ ಗುರುತೊಂದನ್ನು ಸವರಿದ.

“ಇದು ನಾನೇ ಕೂರ್ಸಿರೋ ಮೆಟ್ಲು ಸಾ. ನನ್ ಉಗುರಿನ ಗುರ್ತು ನೋಡಿ. ಚಾಮ್ರಾಜ್‌ನಗರದ ಸುಧಾಮಣಿ ಅಮ್ಮೋರ್ದಲ್ವಾ?”

“ಹೌದು, ನನ್ನ ಹೆಂಡತಿಯದು. ನೀವು ಕೂರಿಸಿದ್ದಾ? ಯಾವಾಗ?”

“ನಾಕೈದ್ ವರ್ಸಕ್ಕೊಂದ್ ಸಲ ಬಸ್ಸಲ್ಲಿ ತಕಬರೋರು. ದಿನಾ ನುಡ್ಸಿದ್ರೆ ಮಾತ್ರ ಮೆಟ್ಲು ಹಿಂಗ್ ಸವೆಯೋದು.”

ವೃಷಭೇಂದ್ರಪ್ಪನವರು ಬೆರಳಾಡಿಸಿದರು. ಒಂದೊಂದು ಮೆಟ್ಟಿಲ ಮೇಲೂ ತಂತಿ ಕೊರೆದ ಗೀರಿತ್ತು.

ಪಾಷಾನ ಹೆಂಡತಿ ಜಮೀಲಾ ಟೀ ತಂದಳು. “ರಿಪೇರಿ ಆದ್ಮೇಲೆ ಇಲ್ಲೇ ಕೂತ್ಕೊಂಡು ನುಡ್ಸಿ ನೋಡೋರು ಸಾ. ನಾನು ಒಲೆ ಆರ್ಸಿ ಬಂದು ಕೇಳ್ತಿದ್ದೆ. ನಿಮ್ಗೇನ್ ಬುಡಿ, ಮನೇಲೇ ದಿನಾ ಕೇಳಿರೋರು.”

ಇವರು ಟೀ ಕುಡಿದರು. ಆಮೇಲೆ, “ಕೊನೆಗೆ ಯಾವಾಗ ತಂದಿದ್ದಳು?” ಎಂದರು.

“ನಾಕ್ ವರ್ಸ ಆಯ್ತು ಸಾ,” ಎಂದ ಪಾಷಾ. “‘ಇನ್ ತರಲ್ಲ ಪಾಷಾ, ಮುಂದಿನ್ ತಿಂಗ್ಳು ನಮ್ ಯಜಮಾನ್ರು ರಿಟೈರ್ ಆಗ್ತಾರೆ’ ಅಂದ್ರು.”

ಇವರು ಕಾಲೇಜಿಗೆ ಹೋದ ಹೊತ್ತೆಲ್ಲ ಅವಳದಾಗಿತ್ತು. ಅದನ್ನೂ ಇವರು ಮನೆಯಲ್ಲಿ ಕೂತು ಕಿತ್ತುಕೊಂಡಿದ್ದರು. ಕೊನೆಯ ಮೂರು ವರ್ಷ ಇವರು ದಿನವಿಡೀ ಪದ ಬರೆದರು, ಪಕ್ಕದ ಕೋಣೆಯಲ್ಲಿ ಅವಳು ಸುಮ್ಮನಿದ್ದಳು.

ಪಾಷಾ ಉಳಿದಿದ್ದ ತಂತಿಯೊಂದನ್ನು ಮೀಟಿದ. ಒಳ್ಳೆಯ ನಾದವೇ. ಆದರೆ ಅದು ಪಾಷಾನ ಬೆರಳಿನದು.

“ಜಮೀಲಮ್ಮ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನುಡಿಸುವಾಗ ಅವಳು ಹಾಡ್ತಿದ್ದಳಾ?”

ಜಮೀಲಾ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. “ಹಾಡೋರು ಸಾ,” ಎಂದಳು ಮೆಲ್ಲಗೆ. “ಸಣ್ ದನೀಲಿ, ಕಣ್ ಮುಚ್ಕೊಂಡು.”

ವೀಣೆಯನ್ನು ವಾರದ ಮಟ್ಟಿಗೆ ಅಲ್ಲೇ ಬಿಟ್ಟು, ಖಾಲಿ ಮಡಿಲಲ್ಲಿ ಊರಿಗೆ ಮರಳಿದರು. ಕೈಕಾಲೂ ತೊಳೆಯದೆ ಪುಸ್ತಕ ತೆರೆದು, ಕಿಥರೇದ ಎಂಬ ಪದದ ಮುಂದೆ ಬರೆದರು:

ಸುಧಾಮಣಿ. ಆಧಾರ: ಜಮೀಲಾ, ಗುಂಡ್ಲುಪೇಟೆ.