ಗೌನಿಪಲ್ಲಿಯ ಗುದ್ದಲಿ ಪೂಜೆ

ಎಂಪಿ ಆಗುವ ಮುಂಚೆ ಕದಿರೇಶ್ ಕೋಲಾರದಲ್ಲಿ ಪತ್ರಕರ್ತನಾಗಿದ್ದ. ಅಂತಿಂಥ ಪತ್ರಕರ್ತನಲ್ಲ. ಅವನು ಪೆನ್ನಿನ ಮುಚ್ಚಳ ತೆಗೆದರೆ ಮಾಲೂರಿನಲ್ಲಿ ಹೆಂಚುಗಳು ಅದುರುತ್ತಿದ್ದವು, ಮುಳಬಾಗಿಲಿನಲ್ಲಿ ದೋಸೆ ತಿನ್ನುತ್ತಿದ್ದ ಪುಢಾರಿಗಳಿಗೆ ತುಪ್ಪ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಟೊಮೆಟೊ ಬೆಲೆ ಬಿದ್ದ ವರ್ಷ ರೈತರ ಜತೆ ರಸ್ತೆಯಲ್ಲೇ ಕೂತು, ಅಲ್ಲೇ ಉಂಡು, ಅಲ್ಲೇ ಬರೆದ. ಜನ ಅದನ್ನು ಓದಿ ಅತ್ತ ಅಳುವಿಗೆ ಬತ್ತಿದ ಕೆರೆಗಳು ಅರ್ಧ ತುಂಬಿದವು. ಆ ಖುಷಿಗೆ ಅವನನ್ನು ಎತ್ತಿ ದಿಲ್ಲಿಗೆ ಎಸೆದರು.

ಆದರೆ ಅವನಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಸಭೆ ಸಮಾರಂಭಗಳ ವರದಿಯನ್ನು ಅವನು ಹಿಂದಿನ ದಿನವೇ ಬರೆದುಬಿಡುತ್ತಿದ್ದ. ಆಹ್ವಾನ ಪತ್ರಿಕೆ ಕೈಗೆ ಬಂದರೆ ಸಾಕು, ಯಾರು ದೀಪ ಹಚ್ಚಿದರು, ಯಾರು ಏನು ಮಾತಾಡಿದರು, ಜನ ಹೇಗೆ ಕಿಕ್ಕಿರಿದಿದ್ದರು, ಎಲ್ಲ ಬರೆದು ಕಳಿಸಿ, ಊಟದ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದ. ಒಮ್ಮೆ ಮುಖ್ಯ ಅತಿಥಿ ಬರಲೇ ಇಲ್ಲ. ಮಾರನೆ ದಿನ ತನ್ನ ಭಾಷಣವನ್ನು ಪೇಪರಿನಲ್ಲಿ ಓದಿದ ಆ ಅತಿಥಿ, ಇಷ್ಟು ಚೆನ್ನಾಗಿ ಯಾವತ್ತೂ ಮಾತಾಡಿರಲಿಲ್ಲ ಅಂತ ಫೋನ್ ಮಾಡಿ ಕಣ್ಣೀರು ಹಾಕಿದನಂತೆ. ಇಡೀ ಜಿಲ್ಲೆಯ ವರದಿಗಾರರು ಈ ವಿದ್ಯೆ ಕಲಿತದ್ದು ಕದಿರೇಶನಿಂದಲೇ.

ಈಗ ಅವನು ದಣಿದಿದ್ದ. ಆ ದಣಿವನ್ನು ಲಾರಿಗೆ ತುಂಬಿದ್ದರೆ ಆಂಧ್ರದ ಚೆಕ್‌ಪೋಸ್ಟಿನಲ್ಲಿ ಓವರ್‌ಲೋಡ್ ಅಂತ ಹಿಡಿದು ನಿಲ್ಲಿಸುತ್ತಿದ್ದರು. ದಿಲ್ಲಿಯಲ್ಲಿ ಹಿಂದಿನ ಬೆಂಚು, ಊರಿನಲ್ಲಿ ಮುಂದಿನ ಕುರ್ಚಿ, ಎರಡರಲ್ಲೂ ನಿದ್ದೆ. ಹೆಂಡತಿ ಶಾಮಲಮ್ಮ ಒಂದು ದಿನ ಬಾಗಿಲು ತೆಗೆದವಳೇ ಹೇಳಿದಳು: "ನಂಗೂ ಕೈ ಮುಗೀತಿದ್ದೀರಲ್ರೀ. ಒಳಗೆ ಬನ್ನಿ, ಓಟು ನಿಮಗೇ ಹಾಕ್ತೀನಿ."

ಅವತ್ತು ಗೌನಿಪಲ್ಲಿಯಲ್ಲಿ ಮಾವಿನ ಪಲ್ಪ್ ಫ್ಯಾಕ್ಟರಿಗೆ ಗುದ್ದಲಿ ಪೂಜೆ. ಕೋಲಾರ ಬಿಡುವ ಮುಂಚೆಯೇ ಅವನು ಹಳೇ ಅಭ್ಯಾಸದಂತೆ ಪೂಜೆಯ ವರದಿ ಬರೆದು ಮುಗಿಸಿದ್ದ. ಅವನ ಪಿಎ ನರೇಶ್ ಅದನ್ನು ಪ್ರೆಸ್ ನೋಟ್ ಅಂತ ಎಲ್ಲ ವರದಿಗಾರರಿಗೂ ವಾಟ್ಸಾಪ್ ಮಾಡಿದ್ದ. ಶ್ರೀನಿವಾಸಪುರ ದಾಟುವಾಗ ದಿಲ್ಲಿಯಿಂದ ಫೋನ್ ಬಂತು. ಫ್ಯಾಕ್ಟರಿ ಇಲ್ಲ. ಮುಂದಕ್ಕೆ ಹೋದದ್ದಲ್ಲ, ರದ್ದೇ ಆಗಿದೆ.

"ಪೂಜೆ ಮಾಡಿ ಬಂದ್ಬಿಡೋಣ ಸಾರ್," ಅಂದ ನರೇಶ್. "ಎಲೆಕ್ಷನ್ ಹತ್ರ ಬಂತು. ಆಮೇಲೆ ಯಾರು ಕೇಳ್ತಾರೆ?"

"ಹೂಂ," ಅಂದ ಕದಿರೇಶ್. ಬೇಡ ಅನ್ನುವುದಕ್ಕೂ ಶಕ್ತಿ ಬೇಕಲ್ಲ.

ಪೆಂಡಾಲ್ ಬಾಗಿಲಲ್ಲೇ ಮುನಿಯಲ್ಲಮ್ಮ ಕಾದಿದ್ದಳು. ಫ್ಯಾಕ್ಟರಿಗೆ ಲಾರಿ ಹೋಗಲು ದಾರಿ ಬೇಕಿತ್ತು, ದಾರಿ ಬೀಳುವುದು ಅವಳ ಮಾವಿನ ತೋಪಿನ ನಟ್ಟನಡುವೆ. ಅವಳ ತೋತಾಪುರಿ ಮರಗಳ ನೆರಳಲ್ಲಿ ಅರ್ಧ ಶ್ರೀನಿವಾಸಪುರ ಮಲಗಬಹುದಿತ್ತು, ಮಿಕ್ಕರ್ಧ ಕಾಲು ಚಾಚಬಹುದಿತ್ತು.

"ನಾಯನಾ, ಫಸಲು ಇಳ್ಸಿ ಆಯ್ತು. ಗರಗಸದೋರು ನಾಳೆ ಬೆಳಿಗ್ಗೆ ಬರ್ತಾರೆ," ಅಂದಳು. "ನೀನು ಗುದ್ದಲಿ ಹಾಕಿದ ಮೇಲೇನೇ ಮರಕ್ಕೆ ಕೈ ಹಾಕ್ಬೇಕು ಅಂತ ಕಾದಿದ್ದೆ."

"ಯಾವ ಮರಗಳು ಅಮ್ಮಾ?"

"ನಮ್ ಮಾವ ನೆಟ್ಟ ಸಾಲು ಪೂರ್ತಿ. ಹೋಗ್ಲಿ ಬಿಡು. ಕಾಯಿ ಹೊತ್ಕೊಂಡು ಮಂಡಿ ಮುಂದೆ ನಿಲ್ಲೋದಾದ್ರೂ ತಪ್ತದೆ."

ಗುದ್ದಲಿ ಕೈಗೆ ಕೊಟ್ಟರು, ಫೋಟೋ ತೆಗೆದರು. ಎತ್ತಿದ ಗುದ್ದಲಿಯನ್ನು ಅವನು ನೆಲಕ್ಕೆ ಹಾಕಲಿಲ್ಲ. ಪಕ್ಕಕ್ಕಿಟ್ಟು ಮೈಕಿನ ಹತ್ತಿರ ಹೋದ.

"ಈ ಫ್ಯಾಕ್ಟರಿ ಬರಲ್ಲ. ಈಗತಾನೆ ಗೊತ್ತಾಯ್ತು. ಯಾರೂ ಮರ ಕಡಿಬೇಡಿ."

ಅವನು ಎಲ್ಲಿ ನಿಲ್ಲಿಸಿದರೂ ಅಲ್ಲಿ ಚಪ್ಪಾಳೆ ತಟ್ಟಬೇಕೆಂದು ಕಾರ್ಯಕರ್ತರಿಗೆ ರೂಢಿಯಾಗಿತ್ತು. ತಟ್ಟಿದರು. ಊರಿನವರೂ ತಟ್ಟಿದರು. ಹೂವಿನ ಹಾರ ಬಂತು. ಮುನಿಯಲ್ಲಮ್ಮ ಮಾತ್ರ ಅವನ ಮುಖವನ್ನೇ ನೋಡಿ, "ಏನೂ ತಿಂದಿಲ್ಲ ಅಂತ ಕಾಣ್ತದೆ, ಏನೇನೋ ಅಂತಾನೆ," ಅಂತ ಪಕ್ಕದವಳಿಗೆ ಹೇಳಿದಳು.

ಆ ರಾತ್ರಿ ಕದಿರೇಶ್ ಎಂಪಿ ಆದಮೇಲೆ ಮೊದಲ ಸಲ ಗೊರಕೆ ಹೊಡೆದು ಮಲಗಿದ.

ಬೆಳಿಗ್ಗೆ ಪೇಪರ್ ನೋಡಿದ. 'ಗೌನಿಪಲ್ಲಿಯಲ್ಲಿ ಅದ್ಧೂರಿ ಗುದ್ದಲಿ ಪೂಜೆ: ವರ್ಷದೊಳಗೆ ಫ್ಯಾಕ್ಟರಿ, ಸಂಸದರ ಭರವಸೆ.' ಗುದ್ದಲಿ ಎತ್ತಿದ ಫೋಟೋ. ಅದರ ಕೆಳಗೆ ಅವನೇ ಬರೆದ ವಾಕ್ಯಗಳು, ಒಂದು ಚುಕ್ಕಿಯೂ ಕದಲದಂತೆ.

ಶ್ರೀನಿವಾಸಪುರದ ವರದಿಗಾರ ಫರ್ಹಾದ್ ಅವನ ಹಳೇ ಶಿಷ್ಯ. ಕದಿರೇಶ್ ಅವನಿಗೆ ಫೋನ್ ಮಾಡಿದ.

"ನಿನ್ನೆ ನಾನೇನು ಮಾತಾಡ್ದೆ ಫರ್ಹಾದ್?"

"ನೋಟಲ್ಲಿ ಇದ್ದದ್ದೇ ಅಲ್ವಾ ಗುರುಗಳೇ?"

"ನೀನೆಲ್ಲಿದ್ದೆ?"

"ಫೋಟೋ ತೆಗೆದು ಪೆಂಡಾಲ್ ಹಿಂದೆ ಊಟಕ್ಕೆ ಹೋದ್ವಿ. ನೀವೇ ಕಲಿಸಿದ್ದಲ್ವಾ, ಬಿಸಿ ಆರೋಕೆ ಬಿಡಬಾರದು ಅಂತ."

ಕದಿರೇಶ್ ಬೈಯಲಿಲ್ಲ. ಬೈಗುಳ ಗಂಟಲಿನವರೆಗೆ ಬಂದು, ಯಾರಿಗೆ ಅಂತ ತಿಳಿಯದೆ ವಾಪಸ್ ಹೋಯಿತು. ಮುನಿಯಲ್ಲಮ್ಮನಿಗೆ ಫೋನ್ ಮಾಡಿದ.

"ಅಮ್ಮಾ, ಮರ ಕಡಿಸಬೇಡ. ನಿನ್ನೆ ಹೇಳಿದ್ನಲ್ಲ."

"ನಿನ್ನೆ ನೀನಂದಿದ್ದಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ಲ ನಾಯನಾ. ಬೆಳಿಗ್ಗೆ ಪೇಪರ್ ಓದಿಸ್ಕೊಂಡೆ, ಸಮಾಧಾನ ಆಯ್ತು. ಗರಗಸದೋರು ಬಂದವ್ರೆ."

"ಪೇಪರಲ್ಲಿರೋದು ಸುಳ್ಳಮ್ಮಾ."

"ಹಂಗನ್ಬೇಡ. ಪೇಪರ್ ನಂಬಿಯೇ ನಾವು ನಿಂಗೆ ಓಟು ಹಾಕಿದ್ದು."

ಹಿಂದಿನಿಂದ ಗರಗಸದ ಮೋಟರ್ ಗುರುಗುಟ್ಟಿತು.

ಕಾರು ಗೌನಿಪಲ್ಲಿಗೆ ಹಾರಿತು. ಟೈರು ನೆಲ ಮುಟ್ಟಿದ್ದು ಶ್ರೀನಿವಾಸಪುರದ ಹಂಪ್ ಮೇಲೆ ಮಾತ್ರ. ಅಷ್ಟರಲ್ಲಿ ಮೊದಲ ಮರದ ಕೊಂಬೆಗಳೆಲ್ಲ ನೆಲದಲ್ಲಿದ್ದವು, ಬೋಳು ಕಾಂಡ ನಿಂತಿತ್ತು. ಕದಿರೇಶ್ ಯಾರಿಗೂ ಏನೂ ಹೇಳದೆ ಎರಡನೇ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತ. ಬಿಳೀ ಪಂಚೆಗೆ ಮಾವಿನ ಸೊನೆ ಮೆತ್ತಿಕೊಂಡಿತು. ಗರಗಸದವರು ಮೋಟರ್ ಆರಿಸಿ ಬೀಡಿ ಹಚ್ಚಿದರು.

ಎಂಪಿ ತೋಪಿನಲ್ಲಿ ಕೂತಿದ್ದಾನೆ ಅಂತ ಸುದ್ದಿ ಹಬ್ಬಿ ಫರ್ಹಾದ್ ಬೈಕಿನಲ್ಲಿ ಬಂದ. ಇಂಜಿನ್ ಆರಿಸದೆ ಕೇಳಿದ.

"ಧರಣಿನಾ ಗುರುಗಳೇ? ನೋಟ್ ಕಳ್ಸಿಬಿಡಿ."

"ನೋಟ್ ಇಲ್ಲ. ಕೂತ್ಕೊ. ನೋಡಿ ಬರ್ಕೊ."

"ಮುಳಬಾಗಿಲಲ್ಲಿ ಒಂದು ಉದ್ಘಾಟನೆ ಇದೆ."

"ಅದನ್ನ ಆಗ್ಲೇ ಬರೆದು ಕಳ್ಸಿದ್ದೀಯ."

ಫರ್ಹಾದ್ ತಲೆ ಕೆರೆದುಕೊಂಡ. "ಕಳ್ಸಿದ್ದೀನಿ."

"ಮತ್ತೆ ಕೂತ್ಕೊ."

ಫರ್ಹಾದ್ ಬೈಕ್ ಆರಿಸಿ, ಬಿದ್ದ ಕೊಂಬೆಯ ಮೇಲೆ ಕೂತ. ಮುನಿಯಲ್ಲಮ್ಮ ಎದುರಿಗೆ ಬಂದು ನಿಂತಳು.

"ನಿಜವಾಗ್ಲೂ ಬರಲ್ವಾ ನಾಯನಾ?"

"ಬರಲ್ಲಮ್ಮಾ."

"ಮತ್ತೆ ಓಟು ಕೇಳೋಕೆ ಬಂದಾಗ ಏನ್ ಹೇಳ್ತೀಯ?"

"ಓಟು ಕೇಳೋಕೆ ನಾನು ಬರೋದೇ ಇಲ್ಲ."

ಅವಳು ಬೋಳು ಮರವನ್ನು ಒಂದು ಸಲ, ಅವನನ್ನು ಒಂದು ಸಲ ನೋಡಿದಳು. ಯಾವುದು ಹೆಚ್ಚು ಸುಸ್ತಾಗಿದೆ ಅಂತ ಲೆಕ್ಕ ಹಾಕಿದಂತಿತ್ತು. ಆಮೇಲೆ ಗರಗಸದವರ ಕಡೆ ತಿರುಗಿ, 'ಹೋಗಿ' ಅಂತ ಕೈ ಬೀಸಿದಳು.

"ಏಳು. ಮುದ್ದೆ ಇದೆ, ಉಂಡು ಹೋಗು."

"ಸ್ವಲ್ಪ ಹೊತ್ತು ಕೂತಿರ್ತೀನಮ್ಮಾ."

ಆಗ ಅವನು ಬಿಟ್ಟ ಉಸಿರಿಗೆ ಗೌನಿಪಲ್ಲಿಯಿಂದ ಆಂಧ್ರದ ಗಡಿವರೆಗೆ ಮಾವಿನೆಲೆಗಳೆಲ್ಲ ಗಡಗಡ ಅಲುಗಾಡಿದವು ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ. ಫರ್ಹಾದ್ ಮಾತ್ರ ಮಾರನೆ ದಿನದ ಪೇಪರಿನಲ್ಲಿ, ಗಾಳಿ ಇರಲಿಲ್ಲ, ಒಂದು ಮರ ಹೋಗಿತ್ತು, ಮಿಕ್ಕವು ನಿಂತಿದ್ದವು ಅಂತ ಬರೆದ.