ರಟ್ಟಿನ ಹಿಂಬದಿ

ಟೈಲರಕ್ಕನಿಗೆ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಒಡೆದ ಅಂಗಿಗುಂಡಿಯಿಂದ. ಅಂಚು ಚಕ್ಕೆ ಎದ್ದುಹೋಗಿದ್ದ, ಯಾರೂ ಮತ್ತೆ ಹೊಲಿಸಿಕೊಳ್ಳದ ಗುಂಡಿ ಅದು. ಓರಗಿತ್ತಿ ಅದನ್ನು ಅಂಗೈಯಗಲದ ರಟ್ಟೊಂದರ ಮೂಲೆಗೆ ಅಂಟಿಸಿದ್ದಳು, ಅದೂ ಗೋಂದು ಸುತ್ತಲೂ ಚೆಲ್ಲಿ, ಒಣಗಿ, ಪಳಪಳ ಹೊಳೆಯುವ ಹಾಗೆ. ಲೈಬ್ರರಿ ಮೇಡಂ ಆ ರಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಿಂತುಬಿಟ್ಟರು. ಸ್ವಲ್ಪ ಹೊತ್ತಿಗೆ ಮುಂಚೆ ಟೈಲರಕ್ಕನ ರಟ್ಟು ಕೈಗೆತ್ತಿಕೊಂಡಾಗ ಅವರು ತಡಮಾಡದೆ "ತುಂಬಾ ನೀಟಾಗಿದೆ" ಎಂದು ಕೆಳಗಿಟ್ಟಿದ್ದರು. ಓರಗಿತ್ತಿಯದನ್ನು ಕೆಳಗಿಡುವ ಲಕ್ಷಣವೇ ಕಾಣಲಿಲ್ಲ.

ಇಬ್ಬರೂ ಅಣ್ಣತಮ್ಮಂದಿರ ಹೆಂಡಿರು. ಒಂದೇ ಮನೆಯ ಕೆಳಗಡೆ ಟೈಲರಕ್ಕ, ಮೇಲ್ಗಡೆ ಓರಗಿತ್ತಿ. ಟೈಲರಕ್ಕ ಪ್ರಾಯವಿಡೀ ಹೊಲಿಗೆ ಮಷೀನು ತುಳಿದವಳು. ಓರಗಿತ್ತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸಿ ನಿವೃತ್ತಳಾದವಳು. ಮಂಡಿ ನೋವು ಬಂದು ಮಷೀನು ಬಿಟ್ಟ ಮೇಲೂ ಟೈಲರಕ್ಕನ ಕೈ ಸುಮ್ಮನಿರಲೊಲ್ಲದು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ವಾರಕ್ಕೊಂದು ಮಧ್ಯಾಹ್ನ, ಉದ್ದನೆಯ ಮೇಜಿನ ಸುತ್ತ, ಕೆಲಸದಿಂದ ಬಿಡುಗಡೆಯಾದವರೆಲ್ಲ ಸೇರುತ್ತಿದ್ದರು. ಅಲ್ಲಿ ಮಾಡುವುದು ಇಷ್ಟೆ: ಸಣ್ಣ ದಪ್ಪ ರಟ್ಟಿನ ಮೇಲೆ ಕಾಗದದ ಚೂರು, ಬಟ್ಟೆಯ ತುಂಡು, ಹಳೆಯ ಸ್ಟಾಂಪು, ಬಣ್ಣ, ದಾರ, ಸಿಕ್ಕಿದ್ದನ್ನೆಲ್ಲ ಸೇರಿಸಿ ಪುಟ್ಟದೊಂದು ಚಿತ್ರ ಕಟ್ಟುವುದು. ಟೈಲರಕ್ಕ ಮೊದಲು ತಾನು ಹೋಗಿ ರಟ್ಟಿನ ಮೇಲೇ ಸೂಜಿದಾರದಿಂದ ಚಿತ್ರ ಹೊಲಿಯತೊಡಗಿದಳು, ಆಮೇಲೆ "ಮೇಲೆ ಒಬ್ಬಳೇ ಕೂತು ಗೋಡೆ ನೋಡ್ತೀಯಲ್ಲ, ಬಾರೇ" ಎಂದು ಓರಗಿತ್ತಿಯನ್ನೂ ಎಳೆದುಕೊಂಡು ಹೋದಳು. ಕತ್ತರಿ ಹಿಡಿಯುವುದನ್ನು ಕಲಿಸಿದ್ದೂ ಅವಳೇ, ಅಂಟು ಹಚ್ಚುವ ಕುಂಚ ಕೊಡಿಸಿದ್ದೂ ಅವಳೇ. ಈಗ ಅದೆಲ್ಲ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅವತ್ತೇ ಮೇಡಂ ಇನ್ನೊಂದು ಸುದ್ದಿ ಹೇಳಿದರು. "ಬಾಗಿಲ ಹತ್ತಿರ ಗಾಜಿನ ಕಪಾಟು ಖಾಲಿ ಇದೆ. ಮುಂದಿನ ತಿಂಗಳಿಂದ ಅದರಲ್ಲಿ ನಿಮ್ಮಲ್ಲಿ ಒಬ್ಬರ ರಟ್ಟುಗಳನ್ನ ಇಡೋಣ ಅಂತಿದೀನಿ. ಒಬ್ಬರದೇ. ಮೇಲೆ ಹೆಸರು ಬರೆದು."

ಹೆಸರು ಬರೆದು ಎಂಬ ಮಾತಿಗೆ ಟೈಲರಕ್ಕ ಕುರ್ಚಿಯ ಅಂಚಿಗೆ ಸರಿದಳು. ಅವಳು ಹೊಲಿದದ್ದೆಲ್ಲ ಬೇರೆಯವರ ಮೈಮೇಲೆ ಬೀದಿಗೆ ಹೋಗಿತ್ತು. ಮದುವೆ ಹೆಣ್ಣಿನ ರವಿಕೆ, ಶಾಲೆ ಮಕ್ಕಳ ಸಮವಸ್ತ್ರ, ವಕೀಲರ ಕರಿಕೋಟು. ಚೆನ್ನಾಗಿದೆ ಎಂದವರು ತೊಟ್ಟವರ ಮುಖ ನೋಡಿ ಹೇಳಿದರೇ ಹೊರತು, ಇದನ್ನು ಹೊಲಿದವರು ಯಾರು ಎಂದು ಒಬ್ಬರೂ ಕೇಳಿದ್ದಿಲ್ಲ. ಕಪಾಟು ತನಗೇ ಬರಬೇಕು ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ಅಡ್ಡ ನಿಂತಿದ್ದು ಒಂದೇ ಒಂದು ಒಡೆದ ಗುಂಡಿ.

ರಟ್ಟು ಕೈಯಿಂದ ಕೈಗೆ ದಾಟುತ್ತ ಬಂತು. ಪಕ್ಕದಲ್ಲಿ ಕೂತಿದ್ದ ಪೋಸ್ಟಣ್ಣ, ಅಂದರೆ ಪ್ರಾಯವೆಲ್ಲ ಕಾಗದ ಹಂಚಿ ಈಗ ಸ್ಟಾಂಪು ಅಂಟಿಸುವ ಮುದುಕ, ಕನ್ನಡಕ ಹಣೆಗೇರಿಸಿ, "ಇದು ನಾನು ದಿನಾ ಸೈಕಲ್ ತುಳಿದ ಬೀದಿಗಳ ಹಂಗೇ ಇದೆಯಲ್ರೀ! ಇಲ್ಲಿ ಎರಡು ಸಂದಿ ಕೂಡ್ತವೆ, ಇಲ್ಲಿ ನಾಯಿ ಅಟ್ಟಿಸ್ಕೊಂಡು ಬರ್ತಿತ್ತು" ಎಂದು ಬೆರಳಿಟ್ಟು ತೋರಿಸಿದ. ಎಲ್ಲರೂ ನಕ್ಕರು. ಟೈಲರಕ್ಕ ನಗುವ ಹಾಗೆ ಬಾಯಿ ಮಾಡಿ ರಟ್ಟನ್ನು ಇಸಿದುಕೊಂಡಳು.

ಚಹಾದ ಬಣ್ಣದ ತೆಳು ಲೇಪ, ಅದರ ಅಡಿಯಲ್ಲಿ ನೀಲಿ ದಾರಗಳು ಅಡ್ಡಾದಿಡ್ಡಿ ಓಡಿದ್ದವು. ಒಂದು ದಾರ ಈ ಮೂಲೆಯಿಂದ ಹೊರಟು ಇನ್ನೊಂದರ ಮೇಲೆ ಹಾರಿ, ನಡುವೆ ಗಂಟಾಗಿ, ಗುಂಡಿಯ ಬುಡದಲ್ಲಿ ಮುಗಿದಿತ್ತು. ಆ ಗಂಟನ್ನು ಕಂಡದ್ದೇ ಅವಳ ಕೈ ನಿಂತಿತು. ಗಂಟು ಹಾಕಿದ ಮೇಲೆ ದಾರದ ಬಾಲವನ್ನು ಕತ್ತರಿಸದೆ, ಹಿಂದಿನ ಹೊಲಿಗೆಗಳ ಕೆಳಗೆ ನುಸುಳಿಸಿ ಅಡಗಿಸುವುದು ಅವಳ ಅಭ್ಯಾಸ. ಅವಳಿಗೆ ಕಲಿಸಿದವರೂ ಹಾಗೆ ಮಾಡುತ್ತಿರಲಿಲ್ಲ. ಇದು ಅವಳದೇ ಗಂಟು. ಹೋದ ವಾರ ಹೊಲಿಗೆ ಕೂದಲೆಳೆಯಷ್ಟು ಓರೆಯಾಯಿತೆಂದು ಮೇಜಿನಡಿಯ ಕಸದ ಬುಟ್ಟಿಗೆ ಎಸೆದ ರಟ್ಟು ಅದು. ಓರಗಿತ್ತಿ ಹೆಕ್ಕಿಕೊಂಡು, ತಿರುಗಿಸಿ, ಉಲ್ಟಾ ಬದಿಯನ್ನೇ ಮೇಲು ಮಾಡಿ ಒಂದು ಗುಂಡಿ ಮೆತ್ತಿದ್ದಳು. ಅಷ್ಟೆ!

ಟೈಲರಕ್ಕ ರಟ್ಟನ್ನು ಪಕ್ಕದವರ ಕೈಗೆ ದಾಟಿಸಿಬಿಟ್ಟಳು. ಇದು ನನ್ನದು ಎಂದರೆ, ನಿಮ್ಮದಾದರೆ ಯಾಕೆ ಬಿಸಾಕಿದಿರಿ ಎಂದು ಯಾರಾದರೂ ಕೇಳುತ್ತಾರಲ್ಲ. ಅದಕ್ಕೂ ಮೇಲಾಗಿ, ಉಲ್ಟಾ ಬದಿ ಎಂದರೆ ಟೈಲರಿಗೆ ಒಳಲಂಗ ಇದ್ದ ಹಾಗೆ. ಅವಳು ತನ್ನ ಎಲ್ಲ ರಟ್ಟುಗಳ ಬೆನ್ನಿಗೂ ಹಿಟ್ಟಿನ ಅಂಟಿನಿಂದ ಕಂದು ಕಾಗದ ಮೆತ್ತಿ ಮುಚ್ಚುತ್ತಿದ್ದಳು. ಬುಟ್ಟಿಗೆ ಬಿದ್ದವಕ್ಕೆ ಮಾತ್ರ ಆ ಮರ್ಯಾದೆ ಸಿಕ್ಕಿರಲಿಲ್ಲ. ಈಗ ಊರವರೆಲ್ಲ ಅದನ್ನು ನೋಡಿ, ಓರಗಿತ್ತಿಯನ್ನು ಹೊಗಳುತ್ತಿದ್ದಾರೆ!

ಮನೆಗೆ ಬಂದಾಗ, ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ಕುರ್ಚಿಯಲ್ಲಿ ಕೂತಿದ್ದವನು ತಲೆಯೆತ್ತಿದ. "ಏನೇ, ಮುಖ ಇಸ್ತ್ರಿ ಕಾಣದ ಅಂಗಿ ಥರ ಆಗಿದೆ?"

"ನಿಮ್ಮ ತಮ್ಮನ ಹೆಂಡತೀನ ಎಲ್ಲರೂ ತಲೆ ಮೇಲೆ ಹೊತ್ಕೊಂಡು ಕುಣೀತಿದಾರೆ."

"ಕುಣೀಲಿ ಬಿಡು. ಅವಳು ಹಗುರ ಇದಾಳೆ."

"ನಾನು ಭಾರ ಅಂತಾನಾ?"

ಡ್ರೈವರು ರಿವರ್ಸ್ ಗೇರು ಹಾಕಿದವನಂತೆ ಕುರ್ಚಿಯಿಂದೆದ್ದು ಒಳಗೆ ಸರಿದ.

ಮಾರನೆಯ ದಿನ ಟೆರೇಸಿನ ಮೇಲೆ ಓರಗಿತ್ತಿ ಬಟ್ಟೆ ಒಣಹಾಕುತ್ತಿದ್ದಳು. ಲಾಂಡ್ರಿಯ ರೂಢಿ, ಪ್ರತಿ ಬಟ್ಟೆಯನ್ನೂ ತಿರುಗಿಸಿ, ಒಳಗೆ ಕಲೆ ಉಳಿದಿದೆಯೇ ಎಂದು ನೋಡಿಯೇ ತಂತಿಗೆ ಹಾಕುವಳು. ಟೈಲರಕ್ಕ ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಕೇಳಿದಳು.

"ಆ ನೀಲಿ ದಾರದ್ದು ಎಲ್ಲಿಂದ ತಂದೆ?"

"ನಿಮ್ಮ ಬುಟ್ಟಿಯಿಂದ ಅಕ್ಕ." ಅವಳು ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಸರಾಗವಾಗಿ ಹೇಳಿದಳು. "ನೀವು ನೋಡ್ತಾನೇ ಇದ್ರಲ್ಲ?"

"ನಾನು ನೋಡಲಿಲ್ಲ."

"ಹೌದಾ? ನಾನು ನಿಮ್ಮೆದುರಿಗೇ ಎತ್ಕೊಂಡೆನಲ್ಲ. ಇದಕ್ಕೂ ಮುಂಚಿನವೂ ನಿಮ್ಮವೇ. ನನಗೆ ಹೊಲಿಯೋಕೆ ಎಲ್ಲಿ ಬರುತ್ತೆ ಹೇಳಿ. ಮುಂಬದಿ ನೀವು ಮಾಡೋದೆಲ್ಲ ಚೆನ್ನಾಗಿರುತ್ತೆ, ಆದ್ರೆ ಅಲ್ಲಿ ನನಗೆ ಏನೂ ಕೆಲಸ ಇರಲ್ಲ. ಹಿಂದುಗಡೆ ನಿಮ್ಮ ಕೈ ಎಲ್ಲೆಲ್ಲಿ ಓಡಾಡ್ತು ಅಂತ ಕಾಣುತ್ತೆ."

ಕಳ್ಳತನವಾದರೂ ಆಗಿದ್ದರೆ ಬೈಯಬಹುದಿತ್ತು. ಇವಳು ನೋಡಿದರೆ ತೊಳೆದ ತಟ್ಟೆಯ ಹಾಗೆ ನಿಂತಿದ್ದಾಳೆ. ಹಿಡಿಯಲು ಒಂದು ಕೊಂಕೂ ಸಿಗದೆ ಟೈಲರಕ್ಕನಿಗೆ ಮತ್ತಷ್ಟು ಉರಿಯಿತು.

"ಇನ್ನು ಮೇಲೆ ನನ್ನ ಬುಟ್ಟಿಗೆ ಕೈ ಹಾಕಬೇಡ."

"ಆಯ್ತಕ್ಕ" ಎಂದಳು ಓರಗಿತ್ತಿ. ಆಮೇಲೆ ಒಂದೇ ಟವೆಲನ್ನು ಎರಡು ಸಲ ಕೊಡವಿದಳು.

ಅಂದಿನಿಂದ ಟೈಲರಕ್ಕ ಕೆಟ್ಟ ರಟ್ಟುಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ತರತೊಡಗಿದಳು. ತಂದವಳು ಸುಮ್ಮನಿದ್ದಳೇ? ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ತಾನೂ ಒಂದು ಉಲ್ಟಾ ಬದಿಯ ಚಿತ್ರ ಮಾಡಲು ಕೂತಳು. ಬೇಕೆಂದೇ ದಾರ ಸಡಿಲ ಬಿಟ್ಟಳು, ಬೇಕೆಂದೇ ಅಡ್ಡ ಎಳೆದಳು, ಅಲ್ಲೊಂದು ಇಲ್ಲೊಂದು ಗಂಟು ಹಾಕಿದಳು. ಮುಗಿಸಿ ದೂರ ಹಿಡಿದು ನೋಡಿದರೆ ಸಡಿಲ ದಾರಗಳೆಲ್ಲ ಒಂದೇ ಅಳತೆಯವು, ಗಂಟುಗಳು ಸಾಲಾಗಿ ಕವಾಯಿತಿಗೆ ನಿಂತ ಹಾಗಿದ್ದವು. ಸಿಟ್ಟಿನಿಂದ ಅದಕ್ಕೂ ಒಂದು ಗುಂಡಿ ಮೆತ್ತಿದಳು. ಗುಂಡಿಯೂ ನಟ್ಟನಡುವೆ ಬಂದು ಕೂತಿತು.

ಇತ್ತ ಓರಗಿತ್ತಿಯ ಹೊಸ ರಟ್ಟುಗಳು ಸಪ್ಪೆಯಾದವು. ತಾನೇ ಹೊಲಿಯಲು ಹೋಗಿ ಸೂಜಿ ಚುಚ್ಚಿಕೊಂಡಳು, ಪತ್ರಿಕೆಯ ಹೂವು ಕತ್ತರಿಸಿ ಅಂಟಿಸಿದಳು. ಮೇಡಂ ಅವನ್ನು ನೋಡಿ "ಹೂಂ" ಎಂದರು. ಆ ಹೂಂ ಎಂಬುದು ಟೈಲರಕ್ಕನ ಕಿವಿಗೆ ತಣ್ಣಗಾಯಿತು. ಪೋಸ್ಟಣ್ಣ ಮಾತ್ರ "ಏನಮ್ಮಾ, ನನ್ನ ಬೀದಿಗಳೆಲ್ಲ ಎಲ್ಲಿ ಹೋದ್ವು?" ಎಂದು ಕೇಳಿದ. ಓರಗಿತ್ತಿ ನಕ್ಕಳು. ಟೈಲರಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು, ಜಗಳಕ್ಕಾದರೂ ಆಗುತ್ತಿತ್ತು.

ಕಪಾಟು ಟೈಲರಕ್ಕನಿಗೇ ಬಂತು.

ಗೋಡೆಯನ್ನು ಕೊರೆದು ಕೂರಿಸಿದ್ದ ಕಪಾಟು ಅದು. ಈಚೆ ಬಾಗಿಲ ಬಳಿಯ ಪಡಸಾಲೆ, ಆಚೆ ಓದುವ ಕೋಣೆ, ಎರಡೂ ಕಡೆ ಗಾಜು. ಟೈಲರಕ್ಕ ಒಳ್ಳೆಯ ಸೀರೆಯುಟ್ಟು ಬಂದು, ರಟ್ಟುಗಳನ್ನು ದಾರದಲ್ಲಿ ಇಳಿಬಿಟ್ಟಳು. ಹಣ್ಣಿನ ಬುಟ್ಟಿ, ಹೂಕುಂಡ, ಪರದೆ ಹಾಕಿದ ಕಿಟಕಿ, ಹಕ್ಕಿ. ಹೊಲಿಗೆಯೆಂದರೆ ಗೆರೆ ಎಳೆದ ಹಾಗೆ. ಮನೆಯಲ್ಲಿ ಬೇಕೆಂದೇ ಕೆಡಿಸಿದ ಆ ರಟ್ಟನ್ನೂ ಯಾಕೋ ಚೀಲದಲ್ಲಿ ತಂದಿದ್ದಳು. ಜನ ಬಂದರು, ನಿಂತರು. "ಎಷ್ಟು ನೀಟಾಗಿದೆ ಅಲ್ವಾ" ಎಂದು ಪುಸ್ತಕ ಹಿಂದಿರುಗಿಸಲು ಹೋದರು. ಟೈಲರಕ್ಕ ಕಂಬಕ್ಕೆ ಒರಗಿ ಎಲ್ಲವನ್ನೂ ಗಮನಿಸುತ್ತಿದ್ದಳು. ಬಂದವರು ನಿಲ್ಲುವ ಹೊತ್ತು ಒಂದು ಚಪ್ಪಲಿ ಬಿಡುವಷ್ಟೂ ಇರಲಿಲ್ಲ.

ಒಬ್ಬಳು ಮಾತ್ರ ಅಲ್ಲಾಡದೆ ನಿಂತಿದ್ದಳು. ಆದರೆ ಆಚೆ ಬದಿಯಲ್ಲಿ, ಓದುವ ಕೋಣೆಯಲ್ಲಿ. ಓರಗಿತ್ತಿ.

ಟೈಲರಕ್ಕ ಸುತ್ತು ಹಾಕಿಕೊಂಡು ಅಲ್ಲಿಗೆ ಹೋದಳು. "ಇಲ್ಲಿಂದ ಏನು ಕಾಣುತ್ತೆ ನಿನಗೆ?"

"ಏನೂ ಇಲ್ಲ ಅಕ್ಕ. ಕಾಗದ ಮುಚ್ಚಿಬಿಟ್ಟಿದೀರಲ್ಲ."

ಅದನ್ನು ಅವಳು ಹೇಳಿದ ರೀತಿ, ಪೂರಾ ಬಾಗಿಲು ಹಾಕಿದ ಮನೆಯ ಮುಂದೆ ನಿಂತವಳ ಹಾಗಿತ್ತು. ಟೈಲರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಇವರಿಗೆಲ್ಲ ಹಿಂಬದಿಯೇ ಬೇಕೋ? ಇರಲಿ. ಆ ಹಿಂಬದಿಯೂ ನನ್ನದೇ. ಅದನ್ನೂ ನನ್ನ ಹೆಸರಿನಲ್ಲೇ ನೋಡಲಿ. ಅವಳು ಕಪಾಟು ತೆರೆದು, ರಟ್ಟುಗಳನ್ನೆಲ್ಲ ಬಿಚ್ಚಿಕೊಂಡು ಬಂದು ಓದುವ ಮೇಜಿನ ಮೇಲೆ ಬೋರಲು ಹಾಕಿದಳು. ಕರವಸ್ತ್ರವನ್ನು ನಲ್ಲಿಯಲ್ಲಿ ಒದ್ದೆ ಮಾಡಿ, ಹಿಂಡಿ, ಒಂದೊಂದರ ಬೆನ್ನಿಗೂ ಒತ್ತಿದಳು. ಹಿಟ್ಟಿನ ಅಂಟು ನೆನೆದು ಕಂದು ಕಾಗದ ಸುಕ್ಕಾಯಿತು. ಉಗುರಿನಿಂದ ಎಳೆದರೆ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು.

"ಅಯ್ಯೋ, ಏನು ಮಾಡ್ತಿದೀರಿ ಟೈಲರಮ್ಮ!" ಮೇಡಂ ಓಡಿಬಂದರು.

"ನನ್ನ ರಟ್ಟು, ನನ್ನ ನೀರು."

ಕಾಗದದಡಿಯಿಂದ ಕೆಂಪು, ಹಸಿರು, ನೀಲಿ ದಾರಗಳು ಎದ್ದು ಬಂದವು. ಹಣ್ಣಿನ ಬುಟ್ಟಿಯ ಬೆನ್ನಲ್ಲಿ ಜಾತ್ರೆಯಷ್ಟು ಗದ್ದಲ. ಹಕ್ಕಿಯ ಬೆನ್ನಲ್ಲಿ ಒಂದೇ ಉದ್ದನೆಯ ದಾರ ಮೂಲೆಯಿಂದ ಮೂಲೆಗೆ ಹಾರಿತ್ತು. ಓರಗಿತ್ತಿಯ ಕೈ ತಡೆಯದಾಯಿತು. ಒಂದೊಂದೇ ರಟ್ಟು ಎತ್ತಿ ನೋಡಿ, ಸಾಲಾಗಿ ಜೋಡಿಸುತ್ತ ಬಂದಳು.

"ಅಕ್ಕ, ಇದನ್ನ ತಲೆಕೆಳಗು ಮಾಡಿ ತೂಗುಹಾಕಿದ್ರೆ..."

"ಮುಂಬದಿಯಲ್ಲಿ ನನ್ನ ಹೂಕುಂಡ ತಲೆಕೆಳಗಾಗಿ ಮಣ್ಣೆಲ್ಲ ಚೆಲ್ಲುತ್ತೆ ಕಣೇ!"

"ಹಾಗಾದ್ರೆ ಈ ಕಿಟಕಿ? ಕಿಟಕಿ ಹೇಗಿಟ್ರೂ ಕಿಟಕೀನೇ."

ಟೈಲರಕ್ಕ ಕಿಟಕಿಯನ್ನು ತಿರುಗಿಸಿ ನೋಡಿದಳು. ಪರದೆ ಮೇಲಕ್ಕೆ ಹಾರಿದ ಹಾಗಾಯಿತು. ಗಾಳಿ ಜೋರಾಗಿದೆ ಎಂದುಕೊಂಡರಾಯಿತು. "ಅದೊಂದು ಮಾಡ್ಕೊ" ಎಂದಳು.

ಇದೇ ಸಮಯವೆಂದು ಚೀಲದಲ್ಲಿದ್ದ ಆ ಬೇಕೆಂದು ಕೆಡಿಸಿದ ರಟ್ಟನ್ನು ಸದ್ದಿಲ್ಲದೆ ಉಳಿದವುಗಳ ನಡುವೆ ಸೇರಿಸಿದಳು. ಓರಗಿತ್ತಿ ಜೋಡಿಸುತ್ತ ಬಂದವಳು ಅದರ ಬಳಿ ತಡೆದಳು. ಎತ್ತಿಕೊಂಡಳು, ಬೆರಳಿನಿಂದ ಗಂಟುಗಳನ್ನು ಸವರಿದಳು, ಮೆಲ್ಲಗೆ ಪಕ್ಕಕ್ಕಿಟ್ಟಳು.

"ಇದೊಂದು ಬೇಡ ಅಕ್ಕ."

"ಯಾಕೆ? ಅದರಲ್ಲೂ ಗುಂಡಿ ಇದೆಯಲ್ಲ?"

"ಇದನ್ನ ಹೊಲಿಯುವಾಗ ನೀವು ದಾರ ನೋಡಿಲ್ಲ. ನನ್ನನ್ನ ನೋಡ್ತಿದ್ರಿ."

ಮೇಡಂ ಎಲ್ಲೋ ನೋಡುವವರಂತೆ ಪುಸ್ತಕವೊಂದನ್ನು ಸರಿಪಡಿಸಿದರು. ಟೈಲರಕ್ಕ ಆ ರಟ್ಟನ್ನು ಕಸಿದು ಮತ್ತೆ ಚೀಲಕ್ಕೆ ತುರುಕಿದಳು. ತನಗೆ ತಿಳಿಯದ ತನ್ನ ಕೈಯನ್ನು ಇನ್ನೊಬ್ಬಳು ಇಷ್ಟು ಚೆನ್ನಾಗಿ ಓದುತ್ತಾಳಲ್ಲ ಎಂಬ ಸಂಕಟ, ಅಂಟಿನ ಹಾಗೆ ಒಣಗಿ ಎದೆಯಲ್ಲೇ ಕೂತಿತು.

ಸಂಜೆಯೊಳಗೆ ರಟ್ಟುಗಳು ಕಪಾಟಿಗೆ ಮರಳಿದವು. ಈಚೆ ಹೂವು ಹಣ್ಣು, ಆಚೆ ದಾರಗಳ ಬೀದಿ. ಆಚೆ ಕಡೆ ಜನ ಗುಂಪು ಕಟ್ಟಿಕೊಂಡರು. ಪೋಸ್ಟಣ್ಣ ತನ್ನ ನಾಯಿಯನ್ನು ಹುಡುಕುತ್ತಿದ್ದ. ಮೇಡಂ ಪೆನ್ನು ಹಿಡಿದು ಬಂದು, "ಯಾರ ಹೆಸರು ಬರೀಲಿ ಈಗ?" ಎಂದರು.

"ನನ್ನದು. ದೊಡ್ಡದಾಗಿ, ಬಾಗಿಲಿಂದಲೇ ಕಾಣೋ ಹಂಗೆ."

"ಆ ಕಡೆ?"

ಟೈಲರಕ್ಕ ಓರಗಿತ್ತಿಯತ್ತ ನೋಡಿದಳು. ಅವಳು ನಲ್ಲಿಯ ಹತ್ತಿರ ಕರವಸ್ತ್ರದ ಅಂಟು ತೊಳೆದು, ತಿರುಗಿಸಿ, ಒಳಗೆ ಕಲೆ ಉಳಿದಿದೆಯೇ ಎಂದು ನೋಡುತ್ತಿದ್ದಳು.

"ಆ ಕಡೆ ನನ್ನದರ ಜೊತೆ ಅವಳದೂ ಹಾಕಿ" ಎಂದಳು ಟೈಲರಕ್ಕ. "ಆದ್ರೆ ಅವಳದು ಸಣ್ಣ ಅಕ್ಷರದಲ್ಲಿ."

ಮೇಡಂ ಹಾಗೆಯೇ ಮಾಡಿದರು. ಆಮೇಲಾದದ್ದನ್ನು ಟೈಲರಕ್ಕ ಓದುವ ಕೋಣೆಯಲ್ಲಿ ನಿಂತು ದಿನದಿನವೂ ಕಣ್ಣಾರೆ ನೋಡಬೇಕಾಯಿತು. ದೊಡ್ಡ ಅಕ್ಷರವನ್ನು ಎಲ್ಲರೂ ನಡೆಯುತ್ತಲೇ ಓದಿಕೊಂಡು ಹೋಗುತ್ತಿದ್ದರು. ಸಣ್ಣ ಅಕ್ಷರಕ್ಕೆ ಮಾತ್ರ ಬಗ್ಗಿ, ಗಾಜಿಗೆ ಮೂಗು ತಾಗಿಸಿ, ಅಲ್ಲೇ ನಿಂತುಬಿಡುತ್ತಿದ್ದರು.