ಹಿಮ್ಮಡಿ ಮೇಡಂ ಮತ್ತು ಆರನೇ ಕೋಣೆ

ವೃದ್ಧರ ಆರೈಕೆ ಮನೆಗಳನ್ನು ತಪಾಸಣೆ ಮಾಡುವ ಅಧಿಕಾರಿಗಳು ಹತ್ತಾರು ಮಂದಿ ಇದ್ದರೂ ಅಡ್ಡಹೆಸರು ಅಂಟಿದ್ದು ಅವಳೊಬ್ಬಳಿಗೇ. ಹಿಮ್ಮಡಿ ಮೇಡಂ. ಬೇರೆಯವರು ಬಂದರೆ ಅಡುಗೆಮನೆಗೆ ಇಣುಕಿ, ಆಫೀಸಿನಲ್ಲಿ ಕೂತು ಕಾಫಿ ಕುಡಿದು, ಕಾಗದ ತಿರುವಿ ಹೋಗುತ್ತಿದ್ದರು. ಇವಳು ಚಪ್ಪಲಿ ಬಿಟ್ಟವಳೇ ಏಳಲಾಗದವರ ಮಂಚದ ಬಳಿ ಹೋಗಿ ಹೊದಿಕೆ ಎತ್ತಿ ಹಿಮ್ಮಡಿ ನೋಡುತ್ತಿದ್ದಳು. ಮಲಗಿದಲ್ಲೇ ಮಲಗಿರುವವರಿಗೆ ಹಾಸಿಗೆ ಹುಣ್ಣು ಆಗುವುದು ಹಿಮ್ಮಡಿಯಲ್ಲಿ, ಸೊಂಟದಲ್ಲಿ, ಬೆನ್ನಿನ ಬುಡದಲ್ಲಿ. ಅವಳು ಹೊರಟ ಸುಳಿವು ಸಿಕ್ಕರೆ ಸಾಕು, ಆರೈಕೆ ಮನೆಯವರು ಒಬ್ಬರಿಗೊಬ್ಬರು ಫೋನ್ ಮಾಡಿ "ಹಿಮ್ಮಡಿಗೆ ಎಣ್ಣೆ ಹಚ್ಚಿ" ಎನ್ನುತ್ತಿದ್ದರು. ಎಣ್ಣೆಯ ಹೊಳಪಿಗೆ ಮರುಳಾಗುವ ಕಣ್ಣು ಅವಳದಲ್ಲ ಎನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಅವಳೂ ಒಂದು ಕಾಲಕ್ಕೆ ಕಾಗದ ನಂಬಿದವಳೇ. ಹನ್ನೊಂದು ವರ್ಷದ ಹಿಂದೆ, ತಾನೇ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟಿದ್ದ ಮನೆಗೆ ಹೆತ್ತ ತಾಯಿಯನ್ನು ಸೇರಿಸಿದ್ದಳು. ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಬರೆದಿಡುವ ಮಗ್ಗುಲು ಪಟ್ಟಿ ಅಲ್ಲಿ ಮುತ್ತು ಪೋಣಿಸಿದಂತೆ ಇರುತ್ತಿತ್ತು. ತಾಯಿ ತೀರಿಕೊಂಡ ದಿನ ಮೈ ತೊಳೆಯಲೆಂದು ಹೊರಳಿಸಿದರೆ ಬೆನ್ನಿನ ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ದೊಡ್ಡ ಹುಣ್ಣು. ಆಮೇಲೆ ಅವಳು ಯಾರಿಗೂ ತೊಂಬತ್ತು ದಾಟಿಸಿರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಹೋದದ್ದು ಬಸ್ ನಿಲ್ದಾಣದ ಹಿಂದಿನ ಎರಡಂತಸ್ತಿನ ಕಟ್ಟಡಕ್ಕೆ. ಮೂವತ್ತೊಂದು ಮಂದಿ ವೃದ್ಧರು, ಅವರಲ್ಲಿ ಹದಿನಾಲ್ಕು ಮಂದಿ ಹಾಸಿಗೆ ಬಿಟ್ಟು ಏಳಲಾರರು. ದಾಖಲೆ ಸರಿಯಿಲ್ಲವೆಂದು ಆ ಮನೆ ಆಗಲೇ ಎರಡು ಸಲ ಫೇಲಾಗಿತ್ತು. ಮೂರನೇ ಸಲವೂ ಫೇಲಾದರೆ ಬೀಗ ಬೀಳುತ್ತಿತ್ತು. ಮೂವತ್ತೊಂದು ಮಂದಿಯೂ ಖಾಲಿ ಮಂಚ ಸಿಕ್ಕ ಕಡೆಗೆ ಚೆಲ್ಲಾಪಿಲ್ಲಿಯಾಗುತ್ತಿದ್ದರು. ಹಾಗೆ ಸಾಗಿಸುವಾಗ ಎಷ್ಟು ಜನ ಉಳಿಯುತ್ತಾರೆಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ಹಾಗಂತ ಕಣ್ಣು ಮುಚ್ಚಿಕೊಳ್ಳುವ ಜಾಯಮಾನ ಅವಳದಾಗಿರಲಿಲ್ಲ.

ಮ್ಯಾನೇಜರ್ ಹೊಸ ಶರ್ಟಿನ ಮಡಿಕೆಯೂ ಮುರಿಯದಂತೆ ಬಾಗಿಲಲ್ಲೇ ನಿಂತಿದ್ದ. "ಈ ಸಲ ದಾಖಲೆ ಎಲ್ಲ ಪಕ್ಕಾ ಇದೆ ಮೇಡಂ" ಎಂದು ಆರನೇ ಕೋಣೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಅವಳು ಓದಿದಳು. ಬೆಳಿಗ್ಗೆ ಆರು, ಎಡ ಮಗ್ಗುಲು. ಎಂಟು, ಬಲ ಮಗ್ಗುಲು. ಹತ್ತು, ಅಂಗಾತ. ಒಂದೇ ಪೆನ್ನು, ಒಂದೇ ಕೈಬರಹ. ಕೆಳಗೆ ಕಣ್ಣಾಡಿಸಿ ಗಡಿಯಾರ ನೋಡಿಕೊಂಡಳು.

"ಈಗ ಗಂಟೆ ಎಷ್ಟು?"

"ಹನ್ನೊಂದೂ ಕಾಲು ಮೇಡಂ."

"ಇವತ್ತು ಸಾಯಂಕಾಲ ನಾಲ್ಕಕ್ಕೆ ಅಂಗಾತ ಮಲಗಿಸಿದೀವಿ ಅಂತ ಬರ್ದಿದೀರಲ್ಲ. ಆರಕ್ಕೆ ಎಡಕ್ಕೆ ಬೇರೆ."

ಮ್ಯಾನೇಜರ್ ಇಂಗು ತಿಂದ ಮಂಗನಂತೆ ನಿಂತ. ಇಡೀ ತಿಂಗಳ ಪಟ್ಟಿಯನ್ನು ಹಿಂದಿನ ದಿನ ಒಂದೇ ಪಟ್ಟಿಗೆ ಕೂತು ಬರೆದಿದ್ದ. ಬರೆಯುವ ಭರದಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ಮರೆತುಹೋಗಿತ್ತು. ಸುಳ್ಳು ದಾಖಲೆಗೆ ನಿಯಮದ ಪುಸ್ತಕದಲ್ಲಿ ಒಂದೇ ಶಿಕ್ಷೆ, ಬೀಗ. ಕೆಲಸ ಮುಗಿದಂತೆಯೇ ಇತ್ತು. ಆದರೂ ಅಭ್ಯಾಸಬಲದಿಂದ ಅವಳು ಮಂಚದ ಬಳಿ ಹೋಗಿ ಹೊದಿಕೆ ಎತ್ತಿದಳು.

ಮಂಚದಲ್ಲಿದ್ದವರು ಟೀಚರಮ್ಮ. ಗಣಿತ ಕಲಿಸಿ ನಿವೃತ್ತರಾದವರು, ಪಾರ್ಶ್ವವಾಯು ಬಡಿದು ಆರು ವರ್ಷದಿಂದ ಮಲಗಿದಲ್ಲೇ ಇದ್ದರು. ಅವರ ಹಿಮ್ಮಡಿ ಇನ್ನೂ ನೆಲ ಮುಟ್ಟದ ಕೂಸಿನ ಹಿಮ್ಮಡಿಯಂತಿತ್ತು. ಅವಳು ಬೆರಳಿನಿಂದ ಉಜ್ಜಿದಳು. ಎಣ್ಣೆಯ ಜಿಡ್ಡಿಲ್ಲ. ಸೊಂಟ ನೋಡಿದಳು, ಬೆನ್ನಿನ ಬುಡ ನೋಡಿದಳು. ಹುಣ್ಣು ಹಾಗಿರಲಿ, ಹುಣ್ಣು ವಾಸಿಯಾದ ಕಲೆಯೂ ಇರಲಿಲ್ಲ. ಆರು ವರ್ಷ. ಅವಳು ಪಕ್ಕದ ಕೋಣೆಗೆ ಹೋದಳು, ಅಲ್ಲಿಂದ ಮುಂದಿನದಕ್ಕೆ, ಮಹಡಿಗೆ. ಹದಿನಾಲ್ಕು ಮಂದಿಯನ್ನೂ ನೋಡಿ ಮುಗಿಸಿದಳು, ಒಬ್ಬರ ಮೈಯಲ್ಲೂ ಹುಣ್ಣಿರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥದ್ದನ್ನು ಅವಳು ಕಂಡಿರಲೂ ಇಲ್ಲ, ಕೇಳಿರಲೂ ಇಲ್ಲ.

ಆರನೇ ಕೋಣೆಗೆ ವಾಪಸು ಬಂದಾಗ ದೊಡ್ಡಾಯಾ ಅಲ್ಲಿದ್ದಳು. ಆಯಾಗಳಿಗೆಲ್ಲ ಹಿರಿಯಳು, ಮೊರದಗಲ ಅಂಗೈಯವಳು. ಮುಖ ಊದಿಸಿಕೊಂಡಿದ್ದಳು.

"ಎರಡು ಗಂಟೆಗೊಮ್ಮೆ ತಿರುಗಿಸ್ತೀರಾ?" ಎಂದು ಅಧಿಕಾರಿ ಕೇಳಿದಳು.

"ಗಂಟೆ ಯಾರು ನೋಡ್ತಾರಮ್ಮ. ಚಿಂದಿ ನೋಡ್ತೀವಿ. ಇವತ್ತು ಅದೂ ಇಲ್ಲ."

"ಯಾವ ಚಿಂದಿ?"

ದೊಡ್ಡಾಯಾ ಕಿಟಕಿಯಾಚೆ ತೋರಿಸಿದಳು. ಹಿತ್ತಲಿನ ತಂತಿಯ ಮೇಲೆ ಹದಿನಾಲ್ಕು ನೀಲಿ ಬಟ್ಟೆಯ ತುಂಡುಗಳು ಸಾಲಾಗಿ ಒಣಗುತ್ತಿದ್ದವು. "ಮಂಚದ ಸರಳಿಗೆ ಕಟ್ಟಿರ್ತೀವಿ. ಮುಂದೆ ಯಾವ ಕಡೆಗೆ ತಿರುಗಿಸ್ಬೇಕೋ ಆ ಕಡೆಗೆ. ತಿರುಗಿಸಿದವರು ಬಿಚ್ಚಿ ಇನ್ನೊಂದು ಕಡೆ ಕಟ್ಟಿ ಹೋಗ್ಬೇಕು. ನೀವು ಬರ್ತೀರಿ ಅಂತ ಸಾಹೇಬ್ರು ಬೆಳಿಗ್ಗೆ ಎಲ್ಲ ಬಿಚ್ಚಿಸಿ ಒಗೆಯೋಕೆ ಹಾಕ್ಸಿದ್ರು. ಕೊಳಕು ಕಾಣುತ್ತಂತೆ."

ಮ್ಯಾನೇಜರ್ ಗೋಡೆ ನೋಡಿದ.

"ಮತ್ತೆ ಇವತ್ತು ಹೇಗೆ ಗೊತ್ತಾಗುತ್ತೆ?"

ದೊಡ್ಡಾಯಾ ಅಧಿಕಾರಿಯ ಮಣಿಕಟ್ಟು ಹಿಡಿದು, ಆ ಕೈಯನ್ನು ಟೀಚರಮ್ಮನ ಸೊಂಟದಡಿಗೆ ಮೆಲ್ಲಗೆ ತೂರಿಸಿದಳು. "ಬಿಸಿ ಇದೆಯಲ್ಲ? ಈ ಕಡೆ ಸಾಕಾಗಿದೆ ಅಂತ. ಈಗ ಭುಜದ ಹತ್ರ ಮುಟ್ಟಿ. ಅಲ್ಲಿ ಬಿಸಿ ಇಲ್ಲ, ಇನ್ನೂ ತಡ್ಕೋತಾರೆ. ಮೈಯೇ ಹೇಳುತ್ತೆ, ನಾವು ಕೇಳಿಸ್ಕೋಬೇಕು ಅಷ್ಟೇ."

ಎಷ್ಟೊಂದು ಮನೆಗಳ ಪಟ್ಟಿ ಓದಿದ ಅವಳು ಒಂದು ಸಲವೂ ಹಾಗೆ ಕೈ ಇಟ್ಟಿರಲಿಲ್ಲ.

ಆಮೇಲೆ ನಡುಮನೆಯಲ್ಲಿ, ಎರಡೂ ಸಾಲಿನ ಬಾಗಿಲು ಕಾಣುವ ಹಾಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಮ್ಯಾನೇಜರ್ ಊಟಕ್ಕೆ ಕರೆದ, ಬೇಡವೆಂದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ನೋಡನೋಡುತ್ತ ಗೊತ್ತಾಗಿದ್ದೇನೆಂದರೆ, ಆ ಮನೆಯಲ್ಲಿ ಬಾಗಿಲು ದಾಟಿದವರು ಯಾರೂ ಮೈ ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. ಗಂಜಿ ತಂದ ಅಡುಗೆಯವನು ಪಾತ್ರೆ ಕೆಳಗಿಟ್ಟು ಒಬ್ಬರ ಮೊಣಕಾಲಿನಡಿ ದಿಂಬು ಸರಿಸಿದ. ನೆಲ ಒರೆಸುವವಳು ಕೈ ತೊಳೆದುಕೊಂಡು ಬಂದು ಒಬ್ಬ ಅಜ್ಜನನ್ನು ಪಕ್ಕಕ್ಕೆ ಹೊರಳಿಸಿ, "ಈಗ ಹಾಯಾಗಿದ್ಯಾ ತಾತ" ಎಂದಳು. ಯಾರೂ ಅಧಿಕಾರಿಯತ್ತ ತಿರುಗಿ ನೋಡಲಿಲ್ಲ. ತೋರಿಕೆಗೆ ಮಾಡುವವರಾದರೆ ತಿರುಗಿ ನೋಡುತ್ತಾರೆ, ಅದು ಅವಳಿಗೆ ಗೊತ್ತು. ಮಹಡಿಗೊಮ್ಮೆ ಕೆಳಗೊಮ್ಮೆ ಕುರ್ಚಿ ಬದಲಿಸುತ್ತ, ಚೀಲದಿಂದ ಖಾಲಿ ಹಾಳೆ ತೆಗೆದು, ಕಂಡದ್ದನ್ನು ಕಂಡ ಗಂಟೆಗೆ ತಾನೇ ಬರೆಯತೊಡಗಿದಳು. ಸಂಜೆ ಆರಕ್ಕೆ ಲೆಕ್ಕ ಹಾಕಿದರೆ, ಅವಳ ಕಣ್ಣೆದುರು ಒಬ್ಬರೂ ಒಂದು ಗಂಟೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಮಗ್ಗುಲಲ್ಲಿ ಇರಲಿಲ್ಲ. ಎರಡು ಗಂಟೆಯ ನಿಯಮ ಬರೆದವರಿಗೆ ಇದನ್ನು ತೋರಿಸಬೇಕು ಅನ್ನಿಸಿತು.

ವರದಿಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಪಟ್ಟಿ ಸುಳ್ಳು, ಬರೆದವನು ಮ್ಯಾನೇಜರ್, ಅವನನ್ನು ಕೂಡಲೇ ತೆಗೆಯಬೇಕು. ಅದರ ಕೆಳಗೆ ತಾನು ಸಂಜೆಯವರೆಗೆ ಬರೆದ ಹಾಳೆ ಲಗತ್ತಿಸಿ, "ಕಣ್ಣಾರೆ ಕಂಡದ್ದು. ಈ ಮನೆ ಮುಚ್ಚಬಾರದು. ನಿಯಮ ಮೀರಿ ಹೇಳುತ್ತಿದ್ದೇನೆ, ಪ್ರಶ್ನೆಯಿದ್ದರೆ ನನ್ನನ್ನು ಕೇಳಿ" ಎಂದು ಬರೆದು ರುಜು ಹಾಕಿದಳು. ಅವಳು ಬರೆದದ್ದನ್ನು ಮೇಲಿನವರು ಆವರೆಗೆ ಒಂದಕ್ಷರವೂ ತಿದ್ದಿರಲಿಲ್ಲ.

ಹೊರಟವಳು ಆರನೇ ಕೋಣೆಯ ಮುಂದೆ ನಿಂತುಬಿಟ್ಟಳು. ದಾಟಿ ಹೋಗಲು ಕಾಲು ಬರಲಿಲ್ಲ. ಒಳಗೆ ಹೋಗಿ ಟೀಚರಮ್ಮನ ಸೊಂಟದಡಿ ಕೈ ಇಟ್ಟಳು. ಬಿಸಿಯಿತ್ತು. ದೊಡ್ಡಾಯಾ ಬಾಗಿಲಲ್ಲಿ ನಿಂತು, "ಭುಜ ಒಂದು ಕೈಲಿ, ಸೊಂಟ ಒಂದು ಕೈಲಿ. ಎಳೀಬೇಡಿ, ಉರುಳಿಸಿ" ಎಂದಳು. ಅವಳು ಉಸಿರು ಬಿಗಿಹಿಡಿದು ಉರುಳಿಸಿದಳು, ಬೆನ್ನಿಗೆ ದಿಂಬು ಒತ್ತು ಕೊಟ್ಟಳು.

ದಿನವಿಡೀ ತುಟಿ ಬಿಚ್ಚದ ಟೀಚರಮ್ಮ ಕಣ್ಣು ತೆರೆದು ಅವಳನ್ನೇ ನೋಡಿದರು.

"ಕೈ ತಣ್ಣಗಿದೆ. ನಲವತ್ತು."

"ಪಾಸಾದ್ರಿ ಮೇಡಂ" ಎಂದಳು ದೊಡ್ಡಾಯಾ. "ಎಲ್ಲರಿಗೂ ಅಂಕ ಕೊಡ್ತಾರೆ ಇವರು. ಮೊದಲನೇ ಸಲ ನನಗೆ ಹದಿನೈದು."

ಅವಳು ನಗಲು ಹೋದಳು. ತನ್ನ ಕೈಯಾರೆ ಕೊಟ್ಟಿದ್ದ ತೊಂಬತ್ತೆಂಟು ನೆನಪಾಯಿತು. ಅಮ್ಮನ ಬೆನ್ನಿನಡಿ ಒಂದು ದಿನವಾದರೂ ಹೀಗೆ ಕೈ ಇಟ್ಟಿದ್ದರೆ ಎನ್ನಿಸಿ ಮಂಚದ ಸರಳು ಹಿಡಿದು ಅತ್ತಳು. ದೊಡ್ಡಾಯಾ ಹಿತ್ತಲಿಗೆ ಹೋದಳು. ಒಣಗಿದ ನೀಲಿ ಚಿಂದಿಯೊಂದನ್ನು ತಂದು ಅವಳ ಕೈಗಿತ್ತಳು. ಅವಳು ಕಣ್ಣೊರೆಸಿಕೊಂಡು, ಮುಂದೆ ಯಾವ ಕಡೆಗೆಂದು ಒಮ್ಮೆ ಕೇಳಿ ಖಚಿತ ಮಾಡಿಕೊಂಡು, ಅದನ್ನು ಸರಳಿಗೆ ಕಟ್ಟಿದಳು.